ಸೊಲ್ಲಾಪುರದ ಕೋಟೆಯೂ ವಿಜಾಪುರದ ಒಡಂಬಡಿಕೆಗಳೂ

ವಿಜಾಪುರದಿಂದ ಉತ್ತರಕ್ಕೆ ಹೊರಟ ಸೊಲ್ಲಾಪುರದ ರಸ್ತೆಯು ಸುಮಾರು ನೂರು ಕಿಲೋಮೀಟರು ಸಾಗಿ, ನಡುವೆ ಭೀಮಾ ನದಿಯನ್ನು ದಾಟಿ, ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯನ್ನು ಸೇರುತ್ತದೆ. ೨೦೧೪ರಿಂದ ವಿಜಯಪುರವೆಂಬ ಹೆಸರಿನಿಂದ ಕರೆಯಲ್ಪಡುತ್ತಿರುವ ಈ ಪಟ್ಟಣಕ್ಕೂ ಸೊಲ್ಲಾಪುರಕ್ಕೂ ಇಂದು ಎರಡು ಗಂಟೆಗಳ ಅಂತರ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿಯಾದರೋ ಇದು ದಂಡಿನ ದಾರಿಯಾಗಿತ್ತು. ಆದಿಲಶಾಹಿಯ ಸೈನ್ಯವು ಉತ್ತರಕ್ಕೆ ಹೋಗುವಾಗಲೂ, ನಿಜಾಮಶಾಹಿಯ ಹಾಗೂ ಮೊಗಲರ ಸೈನ್ಯಗಳು ದಕ್ಷಿಣಕ್ಕೆ ಬರುವಾಗಲೂ ಇದೇ ಸೀಮೆಯನ್ನು ತುಳಿದವು. ಆದರೆ ದಂಡು ನಡೆದ ದಾರಿಯಲ್ಲಿಯೇ ರಾಯಭಾರಿಗಳೂ ನಡೆದರು. ಒಮ್ಮೆ ಮದುವೆಯ ದಿಬ್ಬಣವೂ ನಡೆಯಿತು.

ಯುದ್ಧಗಳ ಕಥೆಯನ್ನು ಹೇಳುವವರು ಬಹು ಮಂದಿ. ಯುದ್ಧಗಳನ್ನು ನಿಲ್ಲಿಸಿದ ಮಾತುಕತೆಗಳ ಕಥೆಯನ್ನು ಹೇಳುವವರು ವಿರಳ. ಸೊಲ್ಲಾಪುರದ ಕೋಟೆಯ ಇತಿಹಾಸವು ಈ ಎರಡನೆಯ ಬಗೆಯ ಕಥೆಗೆ ಉತ್ತಮ ಉದಾಹರಣೆಯಾಗಿದೆ. ೧೫೨೪ರಿಂದ ೧೬೬೮ರ ವರೆಗಿನ ನೂರನಾಲ್ವತ್ತನಾಲ್ಕು ವರ್ಷಗಳಲ್ಲಿ ಈ ಒಂದು ಕೋಟೆಯು ಎರಡು ಸಲ ಮದುವೆಯ ಬಳುವಳಿಯೆಂದು ನುಡಿಯಲ್ಪಟ್ಟಿತು. ಒಂದು ಸಲ ಅಳಿದ ರಾಜ್ಯದ ಪಾಲಾಗಿ ಬಂದಿತು. ಕಡೆಗೆ ಶಾಂತಿಯ ಬೆಲೆಯಾಗಿ ಕೈಬಿಟ್ಟುಹೋಯಿತು. ಕೋಟೆ ಅದೇ, ಸೀಮೆ ಅದೇ. ಆದರೂ ಒಂದು ಒಡಂಬಡಿಕೆಯು ವರ್ಷ ತುಂಬುವಷ್ಟರಲ್ಲಿ ಮುರಿಯಿತು, ಇನ್ನೊಂದು ಇಪ್ಪತ್ತು ವರ್ಷ ನಿಂತಿತು. ಈ ಭೇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವದು ಅವಶ್ಯವಾಗಿದೆ.

ಹದಿನೈದನೆಯ ಶತಮಾನದ ಕೊನೆಗೆ ಬಹಮನಿ ರಾಜ್ಯವು ಒಡೆದು, ವಿಜಾಪುರದ ಆದಿಲಶಾಹಿ, ಅಹಮದನಗರದ ನಿಜಾಮಶಾಹಿ, ವರ್ಹಾಡದ ಇಮಾದಶಾಹಿ, ಬೀದರದ ಬರೀದಶಾಹಿ, ಗೋವಳಕೊಂಡದ ಕುತುಬಶಾಹಿ ಎಂಬ ಐದು ರಾಜ್ಯಗಳು ಹುಟ್ಟಿಕೊಂಡವು. ಅಣ್ಣತಮ್ಮಂದಿರು ಪಾಲಾದಾಗ ಮನೆಯ ಪಾತ್ರೆಪಡಗಗಳಿಗಿಂತ ಹೊಲದ ಬದುವಿಗಾಗಿಯೇ ಹೆಚ್ಚು ಜಗಳವಾಗುವದು ಎಲ್ಲರೂ ಬಲ್ಲ ಸಂಗತಿ. ಈ ಐದು ರಾಜ್ಯಗಳ ನಡುವೆಯೂ ಹಾಗೆಯೇ ಆಯಿತು. ಭೀಮಾ ಮತ್ತು ಸೀನಾ ನದಿಗಳ ಬಳಿಯ ಸೊಲ್ಲಾಪುರ ಸೀಮೆಯು ವಿಜಾಪುರಕ್ಕೂ ಅಹಮದನಗರಕ್ಕೂ ಬದುವಾಯಿತು. ಸೊಲ್ಲಾಪುರದ್ದು ಗುಡ್ಡದ ಮೇಲಿನ ದುರ್ಗವಲ್ಲ, ಬಯಲಿನಲ್ಲಿ ಕಟ್ಟಿದ ಕೋಟೆ; ಒಂದು ಮಗ್ಗುಲಿಗೆ ಕೆರೆ, ಉಳಿದ ಕಡೆಗೆ ಕಂದಕ. ಅದು ಯಾರ ಕೈಯಲ್ಲಿದ್ದಿತೋ ಅವರ ದಂಡು ಮತ್ತೊಬ್ಬರ ರಾಜಧಾನಿಯ ಕಡೆಗೆ ನಡೆಯಲು ಮೊದಲ ಮಜಲು ಸಿದ್ಧವಾಗಿದ್ದಂತೆಯೇ. ಆದ್ದರಿಂದ ಈ ಕೋಟೆಯನ್ನೂ ಅದಕ್ಕೆ ಸೇರಿದ ಐದೂವರೆ ಪರಗಣೆಗಳನ್ನೂ ಇಬ್ಬರೂ ಬಿಡಲೊಲ್ಲದೆ ಹೋದರು.

೧೫೨೦ರಲ್ಲಿ ಇಸ್ಮಾಯಿಲ ಆದಿಲಶಹನು ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಂದ ಸೋತನು. ದಕ್ಷಿಣದಲ್ಲಿ ಪ್ರಬಲನಾದ ಶತ್ರುವಿರುವಾಗ ಉತ್ತರದ ನೆರೆಯವನೊಡನೆ ಸ್ನೇಹವಿರಬೇಕೆಂಬುದು ಅವನಿಗೂ ಅವನ ಮಂತ್ರಿ ಅಸದಖಾನ ಲಾರಿಗೂ ಮನಗಂಡಿತು. ೧೫೨೪ರಲ್ಲಿ ಇಸ್ಮಾಯಿಲನೂ ಬುರ್ಹಾನ ನಿಜಾಮಶಹನೂ ಸೊಲ್ಲಾಪುರದಲ್ಲಿ ಭೆಟ್ಟಿಯಾದರು. ಅಹಮದನಗರದ ಪಕ್ಷದಿಂದ ವಿದ್ವಾಂಸನಾದ ಶಹಾ ತಾಹೀರನು ಸಂಧಾನದಲ್ಲಿ ಮುಂದಾಳಾಗಿದ್ದನು. ಇಸ್ಮಾಯಿಲನ ತಂಗಿ ಮರಿಯಮಳನ್ನು ಬುರ್ಹಾನನಿಗೆ ಕೊಟ್ಟು ಮದುವೆಯಾಯಿತು. ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡುವದಾಗಿ ಅಸದಖಾನನು ಮಾತು ಕೊಟ್ಟನು.

ಮದುವೆ ನಡೆದುಹೋಯಿತು, ಕೋಟೆ ಮಾತ್ರ ಕೈಗೆ ಬರಲಿಲ್ಲ. ಮಂತ್ರಿಯು ಕೊಟ್ಟ ಮಾತಿಗೆ ಅರಸನು ಕಟ್ಟುಬೀಳಲಿಲ್ಲ. ಮರುವರ್ಷವೇ ಬುರ್ಹಾನನು ವರ್ಹಾಡದ ಹಾಗೂ ಬೀದರದ ಅರಸರನ್ನು ಜೊತೆಗೆ ಕರೆದುಕೊಂಡು ಬಳುವಳಿಯನ್ನು ವಸೂಲುಮಾಡಲು ದಂಡೆತ್ತಿ ಬಂದನು. ಅಸದಖಾನನೇ ಅವರನ್ನು ಸೋಲಿಸಿ ಹಿಂದಕ್ಕಟ್ಟಿದನು. ಯುದ್ಧದಲ್ಲಿ ವಿಜಾಪುರಕ್ಕೆ ಗೆಲವಾಯಿತು. ಆದರೆ ಕೊಟ್ಟ ಮಾತು ಸಾಲವಾಗಿ ಉಳಿಯಿತು. ಅದರ ಬಡ್ಡಿಯನ್ನು ಎರಡು ತಲೆಮಾರುಗಳು ಕೊಡಬೇಕಾಯಿತು. ಇಸ್ಮಾಯಿಲನ ಮಗನಾದ ಮೊದಲನೆಯ ಇಬ್ರಾಹಿಮನ ಕಾಲದಲ್ಲಿ, ೧೫೪೩ರಲ್ಲಿ, ಅಹಮದನಗರ, ವಿಜಯನಗರ ಮತ್ತು ಗೋವಳಕೊಂಡಗಳು ಏಕಕಾಲಕ್ಕೆ ಏರಿ ಬಂದವು. ಆಗ ಅದೇ ಅಸದಖಾನನ ಸಲಹೆಯಂತೆ ಐದೂವರೆ ಪರಗಣೆಗಳನ್ನು ಬುರ್ಹಾನನಿಗೆ ಬಿಟ್ಟುಕೊಟ್ಟು ಆ ಕೂಟವನ್ನು ಒಡೆಯಬೇಕಾಯಿತು. ಅದರಿಂದಲೂ ಜಗಳ ತೀರಲಿಲ್ಲ. ಕೆಲವೇ ವರ್ಷಗಳಲ್ಲಿ ಬುರ್ಹಾನನು ರಾಮರಾಯನೊಡನೆ ಸೇರಿ ಮತ್ತೆ ಬಂದನು. ರಾಯಚೂರು ಮುದಗಲ್ಲುಗಳು ವಿಜಯನಗರದ ಪಾಲಾದವು, ಕಲ್ಯಾಣ ಸೊಲ್ಲಾಪುರಗಳು ಅಹಮದನಗರದ ಪಾಲಾದವು. ಸೊಲ್ಲಾಪುರವನ್ನು ಮರಳಿ ಪಡೆಯಲು ಇಬ್ರಾಹಿಮನು ಮಾಡಿದ ಯತ್ನವು ಕೈಗೂಡಲಿಲ್ಲ.

೧೫೨೪ರ ಒಡಂಬಡಿಕೆಯಲ್ಲಿ ಕೊರತೆಯಾಗಿದ್ದುದೇನು? ಸದ್ಭಾವನೆಯ ಕೊರತೆಯೆಂದು ಹೇಳಲಾಗದು. ಇಬ್ಬರು ಅರಸರೂ ಮನಸ್ಸಿನಿಂದಲೇ ಸೊಲ್ಲಾಪುರಕ್ಕೆ ಬಂದಿದ್ದರು, ಸಂಬಂಧವನ್ನೂ ಬೆಳೆಸಿದರು. ಕೊರತೆಯಾದುದು ಕೊಡುಗೆಯ ವಿಷಯದಲ್ಲಿ. ಜಗಳದ ಮೂಲವಾದ ವಸ್ತುವನ್ನು ಅಂದೇ ಒಪ್ಪಿಸದೆ ಮುಂದಿನ ಮಾತಿಗೆ ಬಿಟ್ಟರು. ಒಪ್ಪಂದವಾಗುವ ಮೊದಲು ಸೊಲ್ಲಾಪುರವು ಬರಿಯ ಗಡಿಯ ತಂಟೆಯಾಗಿತ್ತು. ಒಪ್ಪಂದವಾದ ಮೇಲೆ ಅದು ವಚನಭಂಗದ ದೂರಾಯಿತು. ಗಡಿಯ ತಂಟೆಯನ್ನು ಮರೆಯಬಹುದು, ವಚನಭಂಗವನ್ನು ಮರೆಯುವದು ಕಷ್ಟ.

ಇದಕ್ಕಿಂತಲೂ ಕೆಟ್ಟ ಒಡಂಬಡಿಕೆಯೊಂದು ಸ್ವಲ್ಪ ಕಾಲದ ಮೇಲೆ ನಡೆಯಿತು. ಇಬ್ರಾಹಿಮನ ತರುವಾಯ ಪಟ್ಟಕ್ಕೆ ಬಂದ ಮೊದಲನೆಯ ಅಲಿ ಆದಿಲಶಹನು ಕಲ್ಯಾಣ ಸೊಲ್ಲಾಪುರಗಳನ್ನು ಮರಳಿ ಕೇಳಿದನು. ಬುರ್ಹಾನನ ಮಗನಾದ ಹುಸೇನ ನಿಜಾಮಶಹನು ಒಪ್ಪಲಿಲ್ಲ. ಅಲಿಯು ವಿಜಯನಗರದ ರಾಮರಾಯನ ಸಹಾಯವನ್ನು ಬೇಡಿದನು. ಗೋವಳಕೊಂಡದ ಇಬ್ರಾಹಿಮ ಕುತುಬಶಹನೂ ಕೂಡಿಕೊಂಡನು. ಮೂವರ ಸೈನ್ಯವು ಅಹಮದನಗರದ ನಾಡನ್ನು ಹಾಳುಮಾಡಿತು. ಹುಸೇನನು ಶಾಂತಿಯನ್ನು ಬೇಡಿದಾಗ ರಾಮರಾಯನು ಹಾಕಿದ ಕಟ್ಟಳೆಗಳನ್ನು ವಿಜಾಪುರದ ಆಸ್ಥಾನದಲ್ಲಿಯೇ ಇದ್ದು ತನ್ನ ಇತಿಹಾಸವನ್ನು ಬರೆದ ಫಿರಿಸ್ತನು ವಿವರಿಸಿದ್ದಾನೆ: ಕಲ್ಯಾಣವನ್ನು ವಿಜಾಪುರಕ್ಕೆ ಒಪ್ಪಿಸಬೇಕು, ತಮ್ಮ ಸೈನ್ಯವನ್ನು ಬಹಳವಾಗಿ ಪೀಡಿಸಿದ ಜಹಾಂಗೀರಖಾನನೆಂಬ ಸರದಾರನನ್ನು ಕೊಲ್ಲಿಸಬೇಕು, ಹುಸೇನನು ಸ್ವತಃ ರಾಮರಾಯನ ಬಿಡಾರಕ್ಕೆ ಬಂದು ಅವನ ಕೈಯಿಂದ ವೀಳ್ಯವನ್ನು ಸ್ವೀಕರಿಸಬೇಕು. ಹುಸೇನನು ತನ್ನ ಪರವಾಗಿ ಕಾದಿದ ಸರದಾರನನ್ನೇ ಕೊಲ್ಲಿಸಿದನು. ರಾಮರಾಯನ ಬಿಡಾರಕ್ಕೂ ಹೋದನು. ಅಲ್ಲಿ ರಾಮರಾಯನ ಕೈಯನ್ನು ಮುಟ್ಟಿದ ಮೇಲೆ ನೀರು ತರಿಸಿ ಕೈ ತೊಳೆದುಕೊಂಡನೆಂದೂ, ರಾಮರಾಯನೂ ಸಿಟ್ಟಿಗೆದ್ದು ಹಾಗೆಯೇ ಮಾಡಿದನೆಂದೂ ಅದೇ ಇತಿಹಾಸಕಾರನು ಹೇಳುತ್ತಾನೆ.

ಇಲ್ಲಿ ಕಲ್ಯಾಣದ ಕೋಟೆಯೇನೋ ಕೈಗೆ ಬಂದಿತು. ಒಪ್ಪಿಕೊಂಡ ಕಟ್ಟಳೆಗಳು ನಡೆದವು. ಆದರೆ ಸೋತವನಿಗೆ ತಲೆಯೆತ್ತಿ ಮನೆಗೆ ಹೋಗಲು ಎಡೆಯನ್ನೇ ಬಿಡಲಿಲ್ಲ. ನೆಲವನ್ನು ಕಳೆದುಕೊಂಡವನು ಎಂದಾದರೊಮ್ಮೆ ಸಮಾಧಾನ ತಾಳಬಹುದು. ಮಾನವನ್ನು ಕಳೆದುಕೊಂಡವನು ಸಮಯವನ್ನು ಕಾಯುತ್ತಾನೆ. ಹುಸೇನನು ಕಾಯ್ದನು.

ಅಷ್ಟರಲ್ಲಿ ರಾಮರಾಯನ ಬಲವು ಬೆಳೆದು, ಅವನನ್ನು ಕರೆತಂದ ಅಲಿಗೂ ಭಾರವಾಗತೊಡಗಿತು. ಪ್ರತಿಯೊಂದು ಸಹಾಯಕ್ಕೂ ನಾಡಿನ ಒಂದೊಂದು ತುಂಡನ್ನು ಬೆಲೆಯಾಗಿ ಕೊಡಬೇಕಾಯಿತು. ಆಗ ವಿಜಾಪುರ ಅಹಮದನಗರಗಳ ನಡುವೆ ಹಳೆಯ ವೈರವನ್ನು ತೀರಿಸುವ ಮಾತುಕತೆಗಳು ಆರಂಭವಾದವು. ಗೋವಳಕೊಂಡದ ಮಂತ್ರಿಯಾದ ಮುಸ್ತಫಾಖಾನ ಅರ್ದಿಸ್ತಾನಿಯು ಈ ಸಂಧಾನದಲ್ಲಿ ಮಧ್ಯಸ್ಥನಾದನು. ಉಭಯ ಪಕ್ಷಗಳಲ್ಲಿ ಯಾವುದಕ್ಕೂ ಸೇರದ ಮೂರನೆಯವನು ನಡುವೆ ನಿಂತುದು ಈ ಸಲದ ವಿಶೇಷವಾಗಿತ್ತು. ೧೫೬೪ರಲ್ಲಿ ನಿಶ್ಚಯವಾದುದು ಹೀಗೆ: ಹುಸೇನನ ಮಗಳಾದ ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಡುವದು, ಅಲಿಯ ತಂಗಿಯಾದ ಹದಿಯಾ ಸುಲ್ತಾನಳನ್ನು ಹುಸೇನನ ಮಗನಾದ ಮುರ್ತಜನಿಗೆ ತರುವದು, ಚಾಂದಬೀಬಿಯ ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನು ವಿಜಾಪುರಕ್ಕೆ ಒಪ್ಪಿಸುವದು.

ನಾಲ್ವತ್ತು ವರ್ಷಗಳ ಹಿಂದಿನ ಒಪ್ಪಂದದೊಡನೆ ಇದನ್ನು ಹೋಲಿಸಬೇಕು. ಅಂದು ಸಂಬಂಧವು ಒಮ್ಮುಖವಾಗಿತ್ತು. ಇಂದು ಹೆಣ್ಣು ಕೊಟ್ಟು ಹೆಣ್ಣು ತರುವ ಸಾಟಿಯ ಸಂಬಂಧವಾಯಿತು. ಈ ಸೀಮೆಯ ಒಕ್ಕಲು ಮನೆತನಗಳಲ್ಲಿಯೂ ಸಾಟಿಯ ಮದುವೆಗಳು ನಡೆಯುತ್ತ ಬಂದಿವೆ. ಒಂದು ಮನೆಯ ಮಗಳು ಸುಖವಾಗಿದ್ದರೆ ಮಾತ್ರ ಇನ್ನೊಂದು ಮನೆಯ ಮಗಳೂ ಸುಖವಾಗಿರುವಳೆಂಬ ಎಚ್ಚರವು ಅದರಲ್ಲಿ ಅಡಗಿರುತ್ತದೆ. ಅಂದು ಕೋಟೆಯು ಬರಿಯ ಮಾತಾಗಿತ್ತು, ಇಂದು ಹಸ್ತಾಂತರವಾಯಿತು. ಅದಕ್ಕೂ ಮಿಗಿಲಾಗಿ, ಸೊಲ್ಲಾಪುರವನ್ನು ಬಿಟ್ಟುಕೊಟ್ಟ ಹುಸೇನನು ಸೋತು ಕೊಟ್ಟವನೆನಿಸಲಿಲ್ಲ, ಮಗಳಿಗೆ ಕೊಟ್ಟ ತಂದೆಯೆನಿಸಿಕೊಂಡನು. ಖಡ್ಗದಿಂದ ಕಸಿದಿದ್ದರೆ ಅವಮಾನವಾಗುತ್ತಿದ್ದುದು ಬಳುವಳಿಯೆಂಬ ಹೆಸರಿನಿಂದ ಔದಾರ್ಯವಾಯಿತು. ಆ ಕೋಟೆಯು ಮುಂದೆ ಸುಮಾರು ಅರವತ್ತು ವರ್ಷ ವಿಜಾಪುರದ ಕೈಯಲ್ಲಿಯೇ ಉಳಿಯಿತು.

ಆದರೆ ಈ ಒಡಂಬಡಿಕೆಗೆ ಇನ್ನೊಂದು ಮುಖವಿದೆ. ಅದನ್ನು ಮರೆಮಾಚಿದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಇಬ್ಬರ ಸ್ನೇಹವು ಮೂರನೆಯವನ ಮೇಲಿನ ಯುದ್ಧಕ್ಕಾಗಿಯೇ ಹೊಸೆಯಲ್ಪಟ್ಟಿತ್ತು. ೧೫೬೪ರ ಕೊನೆಗೆ ಸುಲ್ತಾನರ ಸೈನ್ಯಗಳು ತಾಳಿಕೋಟೆಯಲ್ಲಿ ಕೂಡಿದವು. ೧೫೬೫ರ ಜನವರಿಯಲ್ಲಿ ಕೃಷ್ಣೆಯ ಆಚೆಗೆ ನಡೆದ ಯುದ್ಧದಲ್ಲಿ ರಾಮರಾಯನು ಮಡಿದನು, ವಿಜಯನಗರ ಪಟ್ಟಣವು ಹಾಳಾಯಿತು. ಸೊಲ್ಲಾಪುರದ ರಸ್ತೆಯಲ್ಲಿ ನೆಲಸಿದ ಶಾಂತಿಯ ಬೆಲೆಯನ್ನು ತುಂಗಭದ್ರೆಯ ದಂಡೆಯ ಜನರು ತೆತ್ತರು. ಸಮಾನ ಶತ್ರುವು ಅಳಿದ ಮೇಲೆ ಸಮಾನ ಹಿತವೂ ಅಳಿಯಿತು. ಕೆಲವೇ ವರ್ಷಗಳಲ್ಲಿ ಬೀಗರಿಬ್ಬರ ನಡುವೆ ಬೇರೆ ಕೋಟೆಗಳಿಗಾಗಿ ಮತ್ತೆ ಕಾಳಗವಾಯಿತು. ಮತ್ತೆ ರಾಜಿಯಾದಾಗಲೂ ನಡೆದುದು ಅದೇ ಬಗೆ: ಅಹಮದನಗರವು ವರ್ಹಾಡದ ಕಡೆಗೂ ವಿಜಾಪುರವು ಕರ್ನಾಟಕದ ಕಡೆಗೂ ರಾಜ್ಯವನ್ನು ಬೆಳೆಸಿಕೊಳ್ಳಬೇಕು, ಒಬ್ಬರು ಇನ್ನೊಬ್ಬರನ್ನು ತಡೆಯಬಾರದು. ೧೫೭೪ರಲ್ಲಿ ವರ್ಹಾಡದ ರಾಜ್ಯವು ಅಳಿದು ಅಹಮದನಗರದಲ್ಲಿ ಸೇರಿತು.

ಒಡಂಬಡಿಕೆಯ ಫಲವಾಗಿ ವಿಜಾಪುರಕ್ಕೆ ಬಂದ ಚಾಂದಬೀಬಿಯ ಬಾಳು ಈ ಕಥೆಗೆ ಹೊರತಾದುದಲ್ಲ. ಅಲಿಯು ೧೫೭೯ರಲ್ಲಿ ಶಹಾಪುರ ದರವಾಜೆಯ ಸಮೀಪದಲ್ಲಿ ಕಟ್ಟಿಸಿದ ಚಾಂದ ಬಾವಡಿಯು ಇಂದಿಗೂ ಅವಳ ಹೆಸರನ್ನು ಹೊತ್ತು ನಿಂತಿದೆ. ಮರುವರ್ಷ ಅಲಿಯು ಕೊಲೆಯಾದನು. ಒಂಬತ್ತು ವರ್ಷದ ಎರಡನೆಯ ಇಬ್ರಾಹಿಮನು ಪಟ್ಟಕ್ಕೆ ಬಂದನು. ಮಕ್ಕಳಿಲ್ಲದ ಚಾಂದಬೀಬಿಯು ಬಾಲಕನ ಪರವಾಗಿ ರಾಜ್ಯಭಾರವನ್ನು ನೋಡಿಕೊಂಡಳು. ಸರದಾರರ ಪಕ್ಷಜಗಳದಲ್ಲಿ ಸಾತಾರೆಯ ಕೋಟೆಯಲ್ಲಿ ಸೆರೆಯನ್ನೂ ಅನುಭವಿಸಿದಳು. ಕೆಲವು ವರ್ಷಗಳ ತರುವಾಯ ತೌರುಮನೆಯಾದ ಅಹಮದನಗರಕ್ಕೆ ಮರಳಿದಳು. ೧೫೯೫ರ ಕೊನೆಗೆ ಅಕಬರನ ಮಗನಾದ ಮುರಾದನು ಅಹಮದನಗರವನ್ನು ಮುತ್ತಿದಾಗ ಕೋಟೆಯನ್ನು ಕಾದವಳು ಅವಳೇ. ಮದ್ದಿನ ಸುರಂಗವು ಸಿಡಿದು ಗೋಡೆಯು ಒಡೆದಾಗ ತಾನೇ ನಿಂತು ಒಂದೇ ರಾತ್ರಿಯಲ್ಲಿ ಅದನ್ನು ಮುಚ್ಚಿಸಿದಳು. ವಿಜಾಪುರದಿಂದ ಸೈನ್ಯದ ಸಹಾಯವೂ ಹೊರಟಿತು.

ಶೌರ್ಯಕ್ಕಾಗಿ ಅವಳನ್ನು ಎಲ್ಲರೂ ಹೊಗಳುತ್ತಾರೆ. ೧೫೯೬ರಲ್ಲಿ ಅವಳು ಮಾಡಿದ ಸಂಧಿಯನ್ನು ಮಾತ್ರ ಅಷ್ಟಾಗಿ ನೆನೆಯುವದಿಲ್ಲ. ಕೋಟೆ ಉಳಿದಿದ್ದರೂ ಅನ್ನವಿಲ್ಲ, ಮುತ್ತಿಗೆಯವರೂ ದಣಿದಿದ್ದಾರೆ ಎಂಬುದನ್ನರಿತು, ಅವಳು ವರ್ಹಾಡವನ್ನು ಮೊಗಲರಿಗೆ ಬಿಟ್ಟುಕೊಟ್ಟು, ಅಹಮದನಗರದ ಗದ್ದುಗೆಯನ್ನು ಬಾಲಕನಾದ ಬಹಾದೂರ ನಿಜಾಮಶಹನಿಗೆ ಉಳಿಸಿಕೊಂಡಳು. ಒಂದು ಅಂಗವನ್ನು ಕೊಟ್ಟು ಪ್ರಾಣವನ್ನುಳಿಸಿಕೊಂಡ ಸಂಧಿಯದು. ಆದರೆ ವರ್ಹಾಡದ ಗಡಿಯು ಎಲ್ಲಿಯ ವರೆಗೆ ಎಂಬ ಪ್ರಶ್ನೆಯು ಬೇಗನೆ ಎದ್ದಿತು, ಯುದ್ಧವು ಮರುಕಳಿಸಿತು. ೧೬೦೦ರಲ್ಲಿ ಮೊಗಲರು ಎರಡನೆಯ ಸಲ ಮುತ್ತಿದಾಗ, ಬಾಲರಾಜನ ಪ್ರಾಣವನ್ನುಳಿಸಲು ಮತ್ತೊಮ್ಮೆ ಸಂಧಾನ ಮಾಡುವದೊಳಿತೆಂದು ಅವಳು ಆಲೋಚಿಸಿದಳು. ಶತ್ರುವಿನೊಡನೆ ಒಳಸಂಚು ಮಾಡಿದ್ದಾಳೆಂಬ ಕೂಗೆದ್ದಿತು. ಕೆರಳಿದ ಗುಂಪು ಅರಮನೆಗೆ ನುಗ್ಗಿ ಅವಳನ್ನು ಕೊಂದಿತು. ಸ್ವಲ್ಪ ದಿನಗಳಲ್ಲಿಯೇ ಕೋಟೆಯು ಬಿದ್ದಿತು. ಯುದ್ಧಮಾಡುವವನಿಗೆ ಎದುರಿನ ಶತ್ರುವೊಬ್ಬನೇ. ಸಂಧಾನ ಮಾಡುವವನಿಗೆ ಹಿಂದಿನಿಂದಲೂ ಭಯ. ಶಾಂತಿಯ ಮಾತಾಡಿದವರನ್ನು ದ್ರೋಹಿಗಳೆಂದು ಕೊಂದ ಊರು, ಮುಂದೆ ಶರಣಾಗುವಾಗ ತನ್ನ ಪರವಾಗಿ ಮಾತಾಡಲು ತಕ್ಕವರಿಲ್ಲದೆ ಶರಣಾಯಿತು.

ರಾಜಧಾನಿ ಬಿದ್ದರೂ ನಿಜಾಮಶಾಹಿಯನ್ನು ಮಲಿಕ ಅಂಬರನು ಕಾಲು ಶತಮಾನ ಎತ್ತಿ ಹಿಡಿದನು. ವಿಜಾಪುರದೊಡನೆ ಅವನ ಸ್ನೇಹವು ಮುರಿದಾಗ, ೧೬೨೪ರ ಭಾತವಡಿ ಯುದ್ಧದಲ್ಲಿ ಗೆದ್ದು ವಿಜಾಪುರದ ವರೆಗೆ ಬಂದು, ಎರಡನೆಯ ಇಬ್ರಾಹಿಮನು ಪ್ರೀತಿಯಿಂದ ಕಟ್ಟಿಸಿದ ನವರಸಪುರವನ್ನು ಸುಲಿದನು. ಸೊಲ್ಲಾಪುರವನ್ನೂ ಗೆದ್ದುಕೊಂಡನು. ಚಾಂದಬೀಬಿಯ ಬಳುವಳಿಯು ಹೀಗೆ ತೌರಿನ ಕೈಗೆ ಮರಳಿತು.

ಈ ಕೋಟೆಯು ಮೂರನೆಯ ಸಲ ಸಂಧಿಪತ್ರದಲ್ಲಿ ಬಂದುದು ೧೬೩೬ರಲ್ಲಿ. ಶಹಾಜಹಾನ ಬಾದಶಹನು ಸ್ವತಃ ದೌಲತಾಬಾದಕ್ಕೆ ಬಂದು, ವಿಜಾಪುರದ ಮೇಲೆ ಮೂರು ದಿಕ್ಕುಗಳಿಂದ ಸೈನ್ಯವನ್ನು ಕಳುಹಿದನು. ಮುತ್ತಿಗೆಯವರಿಗೆ ಅನ್ನ ನೀರು ಸಿಕ್ಕಬಾರದೆಂದು ವಿಜಾಪುರದವರು ತಮ್ಮ ಊರ ಸುತ್ತಲಿನ ನಾಡನ್ನು ತಾವೇ ಬರಿದುಮಾಡಿದರು. ಸೈನ್ಯಗಳು ರಾಜಧಾನಿಯನ್ನು ಗೆಲ್ಲಲಾರದೆ ಹಳ್ಳಿಗಳನ್ನು ಸುಟ್ಟವು. ಉಭಯ ಪಕ್ಷಗಳೂ ಬೇಸತ್ತಾಗ ಮೇ ತಿಂಗಳಿನಲ್ಲಿ ಒಡಂಬಡಿಕೆಯಾಯಿತು. ಮಹಮ್ಮದ ಆದಿಲಶಹನು ಬಾದಶಹನ ಸಾರ್ವಭೌಮತ್ವವನ್ನು ಒಪ್ಪಿ ಇಪ್ಪತ್ತು ಲಕ್ಷ ರೂಪಾಯಿಗಳ ಕಾಣಿಕೆಯನ್ನು ಕೊಡಬೇಕು. ಅಳಿದ ನಿಜಾಮಶಾಹಿಯ ರಾಜ್ಯವನ್ನು ಇಬ್ಬರೂ ಹಂಚಿಕೊಳ್ಳಬೇಕು; ವಿಜಾಪುರದ ಪಾಲಿಗೆ ಸೊಲ್ಲಾಪುರ, ಪರಾಂಡೆ, ಪುಣೆ, ಚಾಕಣ ಮತ್ತು ಕೊಂಕಣದ ಭಾಗವು ಸೇರಿ ಐವತ್ತು ಪರಗಣೆಗಳು; ಅವುಗಳ ಉತ್ಪನ್ನವು ಇಪ್ಪತ್ತು ಲಕ್ಷ ಹೊನ್ನು. ಗೋವಳಕೊಂಡದ ಗಡಿಯನ್ನು ವಿಜಾಪುರವು ಮೀರಬಾರದು, ಅವರೊಡನೆ ಜಗಳವಾದರೆ ಬಾದಶಹನು ನ್ಯಾಯ ಹೇಳಬೇಕು. ಒಬ್ಬರ ಸರದಾರರನ್ನು ಇನ್ನೊಬ್ಬರು ಸೆಳೆದುಕೊಳ್ಳಬಾರದು. ಶಹಾಜಿ ಭೋಸಲೆಯು ಜುನ್ನರ, ತ್ರಿಂಬಕ ಮೊದಲಾದ ಕೋಟೆಗಳನ್ನು ಮೊಗಲರಿಗೆ ಒಪ್ಪಿಸಿದ ಮೇಲೆಯೇ ವಿಜಾಪುರವು ಅವನನ್ನು ಕೆಲಸಕ್ಕಿಟ್ಟುಕೊಳ್ಳಬೇಕು. ಈ ಕರಾರುಗಳಿಗೆ ಎಂದೂ ಭಂಗ ಬರದೆಂಬುದಕ್ಕೆ ಗುರುತಾಗಿ ಬಾದಶಹನು ತನ್ನ ಅಂಗೈಯ ಮುದ್ರೆಯನ್ನೊತ್ತಿದ ಫರ್ಮಾನನ್ನು ಕಳಿಸಿಕೊಟ್ಟನು.

ವಿಜಾಪುರದ ಒಡಂಬಡಿಕೆಗಳಲ್ಲಿ ಹೆಚ್ಚು ಕಾಲ ನಿಂತುದು ಇದೇ. ಪಾಲುಗಳು ಪರಗಣೆಗಳ ಹೆಸರು ಸಹಿತ ಗೊತ್ತಾಗಿದ್ದವು. ಮುಂದೆ ಬರಬಹುದಾದ ಜಗಳಕ್ಕೆ ಪಂಚಾಯತಿಯ ಏರ್ಪಾಡಿತ್ತು. ಕಿಡಿಗೆ ಕಾರಣವಾಗಬಲ್ಲ ಸರದಾರನೊಬ್ಬನ ವಿಷಯವನ್ನೂ ಹೆಸರೆತ್ತಿ ತೀರ್ಮಾನಿಸಲಾಗಿತ್ತು. ಸಾರ್ವಭೌಮತ್ವವನ್ನೊಪ್ಪಿದ ವಿಜಾಪುರವು ನೆಲದಲ್ಲಿ ಲಾಭವನ್ನೇ ಪಡೆಯಿತು. ಆದ್ದರಿಂದ ಒಪ್ಪಿದುದು ಅವಮಾನವೆನಿಸಲಿಲ್ಲ. ಇಪ್ಪತ್ತು ವರ್ಷಗಳ ವರೆಗೆ ಸೊಲ್ಲಾಪುರದ ದಾರಿಯಲ್ಲಿ ಮೊಗಲರ ದಂಡು ಇಳಿದು ಬರಲಿಲ್ಲ. ಆ ನೆಮ್ಮದಿಯ ಕಾಲದಲ್ಲಿಯೇ ಮಹಮ್ಮದನ ಸಮಾಧಿಯಾದ ಗೋಳಗುಮ್ಮಟವು ಆಕಾಶಕ್ಕೆದ್ದಿತು.

ಆದರೆ ಇಲ್ಲಿಯೂ ಬೆಲೆಯನ್ನು ತೆತ್ತವರು ಮಾತುಕತೆಯಲ್ಲಿ ಕುಳಿತಿರದವರೇ. ಉತ್ತರದ ಬಾಗಿಲು ಭದ್ರವಾದೊಡನೆ ವಿಜಾಪುರದ ಸೈನ್ಯವು ದಕ್ಷಿಣಕ್ಕೆ ತಿರುಗಿತು. ರಣದುಲ್ಲಾಖಾನನು ಶಹಾಜಿಯೊಡನೆ ಇಕ್ಕೇರಿಯ ಮೇಲೂ ಬೆಂಗಳೂರಿನ ಮೇಲೂ ದಂಡೆತ್ತಿ ಹೋದನು. ೧೬೩೮ರಲ್ಲಿ ಬೆಂಗಳೂರು ಕೆಂಪೇಗೌಡನ ವಂಶದವರ ಕೈಯಿಂದ ಹೋಯಿತು. ಶ್ರೀರಂಗಪಟ್ಟಣದಲ್ಲಿ ಮಾತ್ರ ಕಂಠೀರವ ನರಸರಾಜನು ಆ ಸೈನ್ಯವನ್ನು ಹಿಮ್ಮೆಟ್ಟಿಸಿದನು. ದೌಲತಾಬಾದದಲ್ಲಿ ಹಾಕಿದ ಮುದ್ರೆಯ ಫಲವನ್ನು ಕಾವೇರಿಯ ದಂಡೆಯ ಒಕ್ಕಲಿಗನು ಉಣ್ಣಬೇಕಾಯಿತು.

೧೬೫೬ರ ನವೆಂಬರ ತಿಂಗಳಿನಲ್ಲಿ ಮಹಮ್ಮದ ಆದಿಲಶಹನು ತೀರಿಕೊಂಡನು. ಪಟ್ಟಕ್ಕೆ ಬಂದ ಎರಡನೆಯ ಅಲಿಯು ಅವನ ಔರಸ ಪುತ್ರನಲ್ಲವೆಂಬ ನೆವವನ್ನು ಮುಂದುಮಾಡಿ, ದಖ್ಖಣದ ಸುಭೇದಾರನಾದ ಔರಂಗಜೇಬನು ತಂದೆಯ ಅಪ್ಪಣೆಯನ್ನು ಪಡೆದು ಯುದ್ಧ ಸಾರಿದನು. ಅಂಗೈಯ ಮುದ್ರೆಯು ಆಗ ವಿಜಾಪುರವನ್ನು ಕಾಯಲಿಲ್ಲ. ೧೬೫೭ರಲ್ಲಿ ಬೀದರವೂ ಕಲ್ಯಾಣವೂ ಬಿದ್ದವು. ವಿಜಾಪುರವು ಶಾಂತಿಯನ್ನು ಬೇಡಿ, ಬೀದರ, ಕಲ್ಯಾಣ, ಪರಾಂಡೆಗಳನ್ನೂ ಒಂದು ಕೋಟಿ ರೂಪಾಯಿಗಳನ್ನೂ ಕೊಡಲೊಪ್ಪಿತು. ಆದರೆ ಶಹಾಜಹಾನನು ಬೇನೆಬಿದ್ದು ಅವನ ಮಕ್ಕಳಲ್ಲಿ ಪಟ್ಟದ ಜಗಳ ಹತ್ತಿದುದರಿಂದ, ಪರಾಂಡೆಯನ್ನು ಒಪ್ಪಿಸುವ ಕಾರ್ಯವು ಹಿಂದೆಬಿದ್ದಿತು. ೧೫೨೪ರಲ್ಲಿ ಸೊಲ್ಲಾಪುರಕ್ಕಾದುದೇ ಈಗ ಪರಾಂಡೆಗಾಯಿತು: ಒಪ್ಪಿದ ವಸ್ತುವು ಕೈಗೆ ಬಾರದೆ ದೂರಾಗಿ ಉಳಿಯಿತು.

೧೬೬೫ರ ಜೂನದಲ್ಲಿ ಮಿರ್ಝಾ ರಾಜಾ ಜಯಸಿಂಗನೂ ಶಿವಾಜಿಯೂ ಪುರಂದರದಲ್ಲಿ ಒಡಂಬಡಿಕೆಯನ್ನು ಮಾಡಿಕೊಂಡರು. ಶಿವಾಜಿಯು ಇಪ್ಪತ್ತಮೂರು ಕೋಟೆಗಳನ್ನು ಕೊಟ್ಟು ಹನ್ನೆರಡನ್ನು ಇಟ್ಟುಕೊಂಡನು. ವಿಜಾಪುರದ ಕೆಲವು ಪ್ರಾಂತಗಳನ್ನು ಗೆದ್ದು ಇಟ್ಟುಕೊಳ್ಳಲು ಒಪ್ಪಿಗೆಯನ್ನೂ ಪಡೆದನು. ವಿಜಾಪುರದ ನೆಲವನ್ನು ವಿಜಾಪುರವಿಲ್ಲದ ಮಾತುಕತೆಯಲ್ಲಿ ಹಂಚಲಾಯಿತು. ಹಿಂದೆ ವಿಜಯನಗರದ, ವರ್ಹಾಡದ, ನಿಜಾಮಶಾಹಿಯ ನೆಲಗಳನ್ನು ಹಾಗೆಯೇ ಹಂಚಿಕೊಂಡಿದ್ದ ಆದಿಲಶಾಹಿಗೆ ಈಗ ಅದೇ ಅಳತೆಯಿಂದ ಅಳೆದು ಕೊಟ್ಟಂತಾಯಿತು. ಆ ವರ್ಷದ ಕೊನೆಗೆ ಜಯಸಿಂಗನು ವಿಜಾಪುರದಿಂದ ಕೆಲವೇ ಹರದಾರಿಗಳ ದೂರಕ್ಕೆ ಬಂದು, ಬತ್ತಿಸಿದ ಕೆರೆಬಾವಿಗಳನ್ನು ಕಂಡು ಹಿಂದಿರುಗಿದನು. ಗೆಲವು ವಿಜಾಪುರದ್ದೇ, ಆದರೆ ರಾಜ್ಯವು ಸುಸ್ತಾಗಿತ್ತು. ೧೬೬೮ರ ಒಡಂಬಡಿಕೆಯಲ್ಲಿ ಸೊಲ್ಲಾಪುರದ ಕೋಟೆಯನ್ನೂ ಸುತ್ತಲಿನ ಸೀಮೆಯನ್ನೂ ಮೊಗಲರಿಗೆ ಒಪ್ಪಿಸಲಾಯಿತು. ಶಾಂತಿಗಾಗಿ ಬಾಗಿಲ ಕೀಲಿಕೈಯನ್ನೇ ಕೊಟ್ಟಂತಾಯಿತು. ೧೬೮೫ರಲ್ಲಿ ವಿಜಾಪುರದ ಮುತ್ತಿಗೆ ಆರಂಭವಾದಾಗ ಔರಂಗಜೇಬನು ಬೀಡುಬಿಟ್ಟುದು ಅದೇ ಸೊಲ್ಲಾಪುರದಲ್ಲಿ. ಮರುವರ್ಷದ ಬೇಸಿಗೆಯ ಕೊನೆಗೆ ಅಲ್ಲಿಂದ ಹೊರಟು ಈ ದಾರಿಯಿಂದಲೇ ಬಂದು ವಿಜಾಪುರದ ಹೊರಗೆ ರಸೂಲಪುರದಲ್ಲಿ ಇಳಿದನು. ೧೬೮೬ರ ಸಪ್ಟೆಂಬರ ೧೨ರಂದು ತರುಣನಾದ ಸಿಕಂದರ ಆದಿಲಶಹನು ಶರಣಾದನು. ಅಂದು ಒಡಂಬಡಿಕೆಯ ಮಾತೇ ಇರಲಿಲ್ಲ. ಒಡಂಬಡಿಕೆಗೆ ಎರಡು ಪಕ್ಷಗಳು ಬೇಕು, ಅಂದು ಉಳಿದುದು ಒಂದೇ.

ಕೋಟೆಗಳ ಕಾಲವು ಮುಗಿಯಿತು, ಬದುವಿನ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ೧೯೫೬ರ ನವೆಂಬರ ೧ರಂದು ವಿಜಾಪುರ ಜಿಲ್ಲೆಯು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರವು ಮುಂಬಯಿಯಲ್ಲಿ ಉಳಿದು ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಭೀಮೆಯ ಎರಡೂ ದಂಡೆಗಳಲ್ಲಿ ಕನ್ನಡದ ಮನೆಗಳೂ ಇವೆ, ಮರಾಠಿಯ ಮನೆಗಳೂ ಇವೆ. ಎರಡೂ ನುಡಿಗಳನ್ನಾಡುವ ಮನೆಗಳು ಇನ್ನೂ ಹೆಚ್ಚು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳನ್ನು ಮೈಸೂರಿಗೂ, ನಿಪ್ಪಾಣಿ, ಖಾನಾಪುರಗಳ ಕಡೆಯ ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ ಕೊಡಬೇಕೆಂದು ಹೇಳಿತು. ಮೈಸೂರು ಒಪ್ಪಿತು, ಮಹಾರಾಷ್ಟ್ರವು ಒಪ್ಪಲಿಲ್ಲ. ಆದ್ದರಿಂದ ಅದು ತೀರ್ಪಾಗದೆ ವರದಿಯಾಗಿಯೇ ಉಳಿಯಿತು. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇದಕ್ಕೆ ಪ್ರತಿಯಾಗಿ ಕೃಷ್ಣಾ ನೀರಿನ ವಿಷಯವನ್ನು ನೋಡಬೇಕು. ೧೯೭೩ರಲ್ಲಿ ಬಚಾವತ್ ನ್ಯಾಯಮಂಡಲಿಯು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಟಿ.ಎಂ.ಸಿ. ಎಂದು ಅಳೆದು ಹಂಚಿತು. ಯಾರಿಗೂ ಪೂರ್ಣ ತೃಪ್ತಿಯಾಗಲಿಲ್ಲ. ಆದರೂ ಅಂಕಿಯು ನಿಶ್ಚಿತವಾದ್ದರಿಂದ ಆಣೆಕಟ್ಟುಗಳೆದ್ದವು, ಕಾಲುವೆಗಳು ಹರಿದವು.

ಸೊಲ್ಲಾಪುರದ ಕೋಟೆಯು ಹೇಳುವ ಮಾತುಗಳು ಮೂರು. ಕೊಡುವೆನೆಂದುದನ್ನು ಅಂದೇ ಕೊಡಬೇಕು. ಉಳಿಸಿಕೊಂಡ ಮಾತು ವೈರಕ್ಕೆ ಹೊಸ ಬೇರಾಗುತ್ತದೆ. ಸೋತವನ ಮಾನವನ್ನು ಉಳಿಸಬೇಕು. ಬಳುವಳಿಯಾಗಿ ಕೊಟ್ಟುದು ಅರವತ್ತು ವರ್ಷ ಉಳಿಯಿತು, ಹಂಗಿಸಿ ಪಡೆದುದು ತಾಳಿಕೋಟೆಯಲ್ಲಿ ಮುಗಿಯಿತು. ಕೊನೆಯದಾಗಿ, ಮಾತುಕತೆಯಲ್ಲಿ ಕುಳಿತಿರದವರ ಹೊಲವನ್ನು ಒತ್ತೆಯಿಡಬಾರದು. ಮೊದಲನೆಯ ಎರಡು ಮಾತುಗಳನ್ನು ವಿಜಾಪುರದ ಅರಸರು ಕಷ್ಟಪಟ್ಟು ಕಲಿತರು. ಮೂರನೆಯದನ್ನು ಕಲಿಯಲಿಲ್ಲ. ಅವರು ಹಂಚಿಕೊಂಡ ಸೀಮೆಯಲ್ಲಿ ಉತ್ತು ಬಿತ್ತಿದವರ ಹೆಸರುಗಳು ಯಾವ ಫರ್ಮಾನಿನಲ್ಲಿಯೂ ಇಲ್ಲ. ಆದರೆ ದಂಡು ಬಂದಾಗ ಸುಟ್ಟುದು ಅವರ ಬಣಿವೆ, ಬತ್ತಿದುದು ಅವರ ಬಾವಿ. ದಂಡು ಹೋದ ಮೇಲೆ ಮತ್ತೆ ಜೋಳವನ್ನು ಬಿತ್ತಿದವರೂ ಅವರೇ.